ಬ್ರಿಜ್ಜಿನ ಕೆಳಗೆ ನಿಂತ ಬಸ್ಸು

ಮಿಲ್ಕಾಳ ಜಾಗ ಅಂದರೆ ಒಂದು ಕಲ್ಲು. ತೆಂಗಿನಕಾಯಿ ಗಾತ್ರದ, ಸಮುದ್ರದ ನೀರಿಗೆ ನುಣುಪಾದ ಕಪ್ಪು ಕಲ್ಲು. ಬಸ್ಸು ನಿಲ್ಲುವ ಕಡೆ, ಮಳೆಮರದ ಬುಡದಲ್ಲಿ, ಕಾಲುಹಾದಿಯ ಅಂಚಿಗೆ ಅದು ಇರುತ್ತಿತ್ತು. ಸಂಜೆ ಅವಳು ಅಡಿಕೆಯ ಪೆಟ್ಟಿಗೆ ಹೊತ್ತು ಗುಡ್ಡ ಹತ್ತುವಾಗ ಕಲ್ಲನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಬಂದಾಗ ಅಲ್ಲೇ ಇರುತ್ತಿತ್ತು. ದ್ವೀಪಗಳ ರಾಜಧಾನಿ ಹೊನಿಯಾರದಲ್ಲಿ ಬೀಗ ಹಾಕಿದ ಮನೆಗೆ ಕಳ್ಳ ನುಗ್ಗಿದ್ದುಂಟು. ಜಾಗ ಹಿಡಿದು ಇಟ್ಟ ಕಲ್ಲನ್ನು ಯಾರೂ ಸರಿಸಿದ್ದಿಲ್ಲ. ಆದರೆ ಕಲ್ಲಿನ ಹಿಂದೆ ದಿನವೂ ಒಬ್ಬರು ಬಂದು ಕೂರಬೇಕು. ಕೂರುವವರು ತಪ್ಪಿದರೆ ಅದು ಬರೀ ಕಲ್ಲು.

ಅದನ್ನು ಅಲ್ಲಿ ಮೊದಲು ಇಟ್ಟವಳು ಅವಳ ಅತ್ತೆ. ಮಂಡಿ ಕೈಕೊಟ್ಟು ಅತ್ತೆ ಮಲೈಟ ದ್ವೀಪದ ತನ್ನ ಊರಿಗೆ ಹಡಗು ಹತ್ತುವ ದಿನ ಸೊಸೆಯನ್ನು ಮರದ ಕೆಳಗೆ ಕೂರಿಸಿ ಹೇಳಿದ್ದಳು: "ಕೂತಿರೋವರ್ಗೂ ನಿಂದು. ಎದ್ರೆ ಊರೋರ್ದು. ನೆನಪಿರ್ಲಿ."

ಮಿಲ್ಕಾ ಅದನ್ನು ಮರೆಯುವ ಪೈಕಿಯಲ್ಲ. ಅವಳು ಇಸಬೆಲ್ ದ್ವೀಪದವಳು. ಅವಳ ಕಡೆ ಭೂಮಿ ತಾಯಿಯಿಂದ ಮಗಳಿಗೆ ಬರುತ್ತದೆ. ಮಲೈಟದ ಬೇಸಿಲ್‌ನನ್ನು ಮದುವೆಯಾಗಿ ಆ ತೋಟ, ಆ ತೊರೆ ಎಲ್ಲ ಬಿಟ್ಟು ಬಂದವಳಿಗೆ ಈ ಊರಿನಲ್ಲಿ ಸಿಕ್ಕಿದ್ದು ಕಲ್ಲಿನಗಲದ ನೆಲ. ಬೇಸಿಲ್ ಮೀನಿನ ಹಡಗಿನಲ್ಲಿ ಕೆಲಸಕ್ಕಿದ್ದ. ವರ್ಷದಲ್ಲಿ ಎಲ್ಲೋ ಎರಡು ಸಲ ಮನೆ ಕಾಣುತ್ತಿದ್ದ. ಅವಳಿದ್ದದ್ದು ಅವನ ಅಣ್ಣ ಅಲಿಕ್‌ನ ಮನೆಯ ಹಿಂಬದಿಯ ಕೋಣೆಯಲ್ಲಿ.

ಆ ಮನೆಯಲ್ಲಿ ಮಲಗುವವರೆಲ್ಲ ಆ ಮನೆಯ ಪಾತ್ರೆಗೆ ಏನಾದರೂ ಹಾಕಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಿಂದೊಮ್ಮೆ ಅಲಿಕ್‌ನ ದಾಯಾದಿ ತಮ್ಮನೊಬ್ಬ ಅಂಗಡಿಯ ಕೆಲಸ ಕಳೆದುಕೊಂಡು ಸುಮ್ಮನೆ ಕೂತಾಗ ಅಲಿಕ್ ಬೈಯಲಿಲ್ಲ. ಹಡಗಿನ ಟಿಕೇಟು ತಂದುಕೊಟ್ಟ. ಚೀಲವನ್ನು ತಾನೇ ಹೊತ್ತು ಧಕ್ಕೆಯವರೆಗೆ ಬಿಟ್ಟುಬಂದ. ಮಿಲ್ಕಾ ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದಳು. ಜಾಗ ಹೋದರೆ ಹಡಗು ಎಂದು ಅವತ್ತೇ ಅವಳಿಗೆ ತಿಳಿದಿತ್ತು.

ಗಂಡನಿಲ್ಲದ ಗಂಡನ ಊರು ಅವಳಿಗೆ ಬೇಡವಾಗಿತ್ತು. ಮದುವೆಯಾದ ಹೊಸದರಲ್ಲಿ ಅಲ್ಲಿ ಒಂದು ವರ್ಷ ಇದ್ದಳು. ಒಗೆದ ಲಂಗವನ್ನು ಎರಡು ಮರಗಳ ನಡುವೆ ಹಗ್ಗ ಕಟ್ಟಿ ಒಣಗಹಾಕಿದ್ದಳು. ಅದರ ಕೆಳಗೆ ಗಂಡಸರು ಓಡಾಡುವ ಕಾಲುದಾರಿ ಇತ್ತು. ಹೆಂಗಸಾಗಲಿ ಅವಳ ಬಟ್ಟೆಯಾಗಲಿ ಗಂಡಸಿನ ತಲೆಗಿಂತ ಮೇಲೆ ಬರಬಾರದು ಅನ್ನುವುದು ಅವಳಿಗೆ ಗೊತ್ತಾದದ್ದು ಹಂದಿ ಕೊಡಬೇಕಾಗಿ ಬಂದಾಗ. ಒಂದು ಲಂಗಕ್ಕೆ ಒಂದು ಹಂದಿ. ಅಲ್ಲಿಯ ಕಟ್ಟಳೆಗಳನ್ನು ಯಾರೂ ಕಲಿಸುವುದಿಲ್ಲ. ತಪ್ಪುಕಾಣಿಕೆ ಕೇಳಿದಾಗ ಕಲಿಯಬೇಕು. ಅವತ್ತಿನಿಂದ ಅವಳು ನೋಡುವುದನ್ನೂ ಕೇಳಿಸಿಕೊಳ್ಳುವುದನ್ನೂ ಒಂದು ಕೆಲಸದ ಹಾಗೆ ಮಾಡುತ್ತಿದ್ದಳು.

ಹೀಗಿರುವಾಗ ನಗರಸಭೆಯ ಪಾಸ್ಕಲ್ ಬಂದ. ಒಳ್ಳೆಯ ಮನುಷ್ಯ, ಹೊನಿಯಾರ ಇರುವ ಗ್ವಾಡಲ್‌ಕನಾಲ್ ದ್ವೀಪದವನೇ, ಗಾಳಿಮಳೆ ಹೊಡೆಯುವ ಆಚೆ ಕರಾವಳಿಯವನು, ದಪ್ಪ ಧ್ವನಿ. ಊರಿನಲ್ಲಿ ಹೊರದೇಶಗಳವರ ದೊಡ್ಡ ಸಭೆಯೊಂದಿತ್ತು. ಅದಕ್ಕೆ ಮುಂಚೆ ಕಾಲುಹಾದಿ ಖಾಲಿಯಾಗಬೇಕು ಎಂದು ಅವನಿಗೆ ಹೇಳಿ ಕಳಿಸಿದ್ದರು.

"ಅಮ್ಮಂದಿರಾ, ನಾನೇನು ನಿಮ್ಮ ಹೊಟ್ಟೆ ಮೇಲೆ ಹೊಡಿಯಕ್ಕೆ ಬಂದಿಲ್ಲ," ಅಂದ. "ನೀವೇ ನೋಡಿ. ಗೋಡೆ ನೋಡಿ, ಮರ ನೋಡಿ, ಕಂಬ ನೋಡಿ. ಯಾರೋ ಕೋಳಿ ಕುಯ್ದಂಗಿದೆ."

ಅದು ಸುಳ್ಳಲ್ಲ. ಅಡಿಕೆಯ ಉಗುಳಿನಿಂದ ಮಳೆಮರದ ಬುಡ ಸೊಂಟದ ಎತ್ತರಕ್ಕೆ ಕೆಂಪಾಗಿತ್ತು. ಹಾದಿ ತುಂಬ ಪೆಟ್ಟಿಗೆ, ಛತ್ರಿ, ಮೇಜು. ನಡೆಯುವವರು ರಸ್ತೆಗಿಳಿದು ನಡೆಯುತ್ತಿದ್ದರು.

"ಹಾಗಾದ್ರೆ ನಾವೆಲ್ಲಿ ಹೋಗೋದಪ್ಪಾ?" ಎಂದು ಕೇಳಿದವಳು ಲೂವಿ. ಪಡುವಣ ದ್ವೀಪಗಳವಳು, ಮಿಲ್ಕಾಳ ಪಕ್ಕ ಕೂತು ಹುರಿದ ಮೀನು, ಬೇಯಿಸಿದ ಮರಗೆಣಸು ಮಾರುತ್ತಿದ್ದಳು. "ಸಮುದ್ರದಲ್ಲಿ ಕೂರೋಣ್ವಾ? ಮೀನು ಹೆಂಗೂ ಅಲ್ಲೇ ಇದೆ, ಹುರಿಯೋದೊಂದೇ ಬಾಕಿ."

"ಬ್ರಿಜ್ಜಿನ ಕೆಳಗೆ," ಅಂದ ಪಾಸ್ಕಲ್. "ನೆಲಕ್ಕೆ ಸಿಮೆಂಟ್ ಹಾಕಿದೆ. ಬಿಸ್ಲಿಲ್ಲ, ಮಳೆ ಇಲ್ಲ. ಬಳಪದಲ್ಲಿ ಗೆರೆ ಎಳ್ಕೊಡ್ತೀನಿ. ಇನ್ನೇನು ಅರಮನೆ ಬೇಕಾ?"

ರಸ್ತೆ ದಾಟುವವರಿಗೆಂದು ಹೊಸದಾಗಿ ಕಟ್ಟಿದ ಮೇಲ್ಸೇತುವೆ ಅದು. ಈ ಬದಿಯಿಂದ ಮೆಟ್ಟಿಲು ಹತ್ತಿ, ಬಸ್ಸು ಲಾರಿಗಳ ಮೇಲೆ ನಡೆದು, ಆ ಬದಿ ಇಳಿಯಬೇಕು. ಶಾಲೆಯ ಮಕ್ಕಳು, ಕಚೇರಿಗಳ ಹೆಂಗಸರು ಹತ್ತುತ್ತಿದ್ದರು. ಉಳಿದವರು ಎಂದಿನ ಹಾಗೆ ಕೈ ತೋರಿಸಿ ವಾಹನಗಳ ನಡುವೆ ನುಸುಳಿ ದಾಟುತ್ತಿದ್ದರು.

ಮಲೈಟದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಿಲ್ಕಾ ಆ ನೋಟವನ್ನು ಗಮನಿಸಿದಳು. ಲಂಗದ ನೆನಪೂ ಬಂತು. ಆದರೆ ಕೂತು ಮಾರುವವರು ಹೆಂಗಸರು. ಹೆಂಗಸಿನ ತಲೆಯ ಮೇಲೆ ಹೆಂಗಸು ನಡೆದರೆ ತಪ್ಪಿಲ್ಲ. ಗಂಡಸು ಬಂದು ಕೊಂಡು ಹೋಗುವುದು ಎಷ್ಟು ಹೊತ್ತು? ಹೀಗೆ ಲೆಕ್ಕ ಹಾಕಿ, ಮರುದಿನ ಬೆಳಕು ಹರಿಯುವ ಮೊದಲೇ ಕಲ್ಲನ್ನು ಎತ್ತಿಕೊಂಡು ಹೋಗಿ ಬ್ರಿಜ್ಜಿನ ಕೆಳಗೆ ಮೆಟ್ಟಿಲಿಗೆ ಹತ್ತಿರದ ಚೌಕದಲ್ಲಿ ಇಟ್ಟಳು. ಎಲ್ಲಕ್ಕಿಂತ ಒಳ್ಳೆಯ ಜಾಗ. ಅವಳ ಹಿಂದೆಯೇ ನಗರಸಭೆಯವರು ಮಳೆಮರದ ಸುತ್ತ ಕಬ್ಬಿಣದ ಬೇಲಿ ಹಾಕಿ ದಾಸವಾಳದ ಗಿಡ ನೆಟ್ಟರು. ಹಿಂದಿರುಗುವ ದಾರಿ ಮುಚ್ಚಿತು.

ಅವಳ ಗಿರಾಕಿಗಳು ಯಾರೆಂದರೆ ಬಸ್ಸಿನ ಚಾಲಕರು, ಕಂಡಕ್ಟರುಗಳು, ಧಕ್ಕೆಯ ಹಮಾಲರು, ಅಂಗಡಿ ಕಾಯುವವರು. ಬಹುಪಾಲು ಮಲೈಟದ ಗಂಡಸರು. ಅವರು ಬ್ರಿಜ್ಜಿನವರೆಗೆ ಬಂದು ನೆರಳು ಶುರುವಾಗುವ ಗೆರೆಯಲ್ಲಿ ನಿಂತುಬಿಡುತ್ತಿದ್ದರು. ಸುಡುವ ಬಿಸಿಲಲ್ಲಿ, ಎರಡು ಹೆಜ್ಜೆ ಮುಂದೆ ತಂಪು ಇದ್ದರೂ, ಬಿಸಿಲಲ್ಲೇ ನಿಂತು ಶಿಳ್ಳೆ ಹಾಕುತ್ತಿದ್ದರು. ಅವಳು ಎದ್ದು ಹೋಗಿ ಅಡಿಕೆ ಕೊಟ್ಟು ಬರಬೇಕು. ಮೊದಮೊದಲು ಹಾಗೆಯೇ ನಡೆಯಿತು. ಆಮೇಲೊಬ್ಬ ಹಮಾಲ ಕೈಯಲ್ಲಿದ್ದ ಅಡಿಕೆಯನ್ನು ತಿರುಗಿಸಿ ನೋಡಿ ಕೇಳಿದ:

"ಇದು ಬೆಳಿಗ್ಗೆಯಿಂದ ಅಲ್ಲೇ ಕೆಳಗಿತ್ತಾ?"

"ಹೂಂ. ಇನ್ನೆಲ್ಲಿರುತ್ತೆ?"

"ಮೇಲೆ ಎಷ್ಟು ಜನ ಹೆಂಗಸರು ದಾಟಿರ್ತಾರೆ ಲೆಕ್ಕ ಹಾಕು." ಅವನು ಅಡಿಕೆಯನ್ನು ಮೆಲ್ಲಗೆ ಅವಳ ಕೈಗೆ ಹಿಂದಿರುಗಿಸಿದ. "ಬೇಜಾರ್ ಮಾಡ್ಕೋಬೇಡ ತಂಗಿ. ಇದನ್ನ ಬಾಯಿಗ್ ಹಾಕ್ಕೊಳ್ಳೋದು ಹೆಂಗೆ?"

ಮಾತು ಧಕ್ಕೆಯವರೆಗೆ ಹೋಗಲು ಹೊತ್ತು ಬೇಕಾಗಲಿಲ್ಲ. ಲೂವಿಯ ಮೀನು ಖಾಲಿಯಾಗುತ್ತಿತ್ತು. ಅವಳ ಊರಿನವರಿಗೆ, ಕಚೇರಿಯ ಹೆಂಗಸರಿಗೆ ಆ ಗೊಡವೆ ಇರಲಿಲ್ಲ. ಮಿಲ್ಕಾಳ ಅಡಿಕೆ ಮಾತ್ರ ಪೆಟ್ಟಿಗೆಯಲ್ಲೇ ಬಾಡಿ ಸಿಪ್ಪೆ ಸುಕ್ಕಾಯಿತು. ಮಲೈಟದ ಹೆಂಗಸರು ಒಬ್ಬೊಬ್ಬರಾಗಿ ಪಾಸ್ಕಲ್ ಎಳೆದ ಗೆರೆ ಬಿಟ್ಟು ಹೋದರು. ಅವರಿಗೆ ಮೊದಲೇ ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದರೇನೋ.

ಮನೆಯಲ್ಲಿ ಅಲಿಕ್ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಅದೂ ಒಂದು ಕಟ್ಟಳೆ. ಭಾನುವಾರ ಚರ್ಚಿನಲ್ಲಿ ಮೊದಲ ಬೆಂಚು, ಉಳಿದ ದಿನ ಅಜ್ಜನ ಕಾಲದ ನಡೆ. ಅವನು ಹೇಳಬೇಕಾದದ್ದನ್ನು ಹೆಂಡತಿ ಸಾಲೋಮಿಗೆ ಹೇಳುವನು. ಮಿಲ್ಕಾ ಅದೇ ಕೋಣೆಯಲ್ಲಿ ಗೆಣಸು ಸುಲಿಯುತ್ತಾ ಕೂತಿದ್ದರೂ ಸಾಲೋಮಿ ಅದನ್ನು ಮತ್ತೊಮ್ಮೆ ಹೇಳುವಳು.

"ಸಾಲೋಮಿ, ಬರೋ ವಾರ ಹಡಗಿದೆಯಾ?" ಎಂದು ಕೇಳಿದ ಒಂದು ಸಂಜೆ.

"ಹಡಗಿದೆಯಾ ಅಂತ ಕೇಳ್ತಿದಾರೆ," ಅಂದಳು ಸಾಲೋಮಿ.

"ಇರುತ್ತೆ ಅಕ್ಕ. ಯಾವ್ ವಾರ ಇರಲ್ಲ?"

"ಇರುತ್ತಂತೆ," ಎಂದು ಸಾಲೋಮಿ ಗಂಡನಿಗೆ ಹೇಳಿದಳು.

ಆ ರಾತ್ರಿ ಮಿಲ್ಕಾ ಪೆಟ್ಟಿಗೆಯಲ್ಲಿ ಉಳಿದ ಅಡಿಕೆ ಎಣಿಸಿದಳು.

ಅಲಿಕ್‌ನದು ಸ್ವಂತ ಬಸ್ಸು. ಕಿತ್ತುಹೋದ ಸೀಟುಗಳ ಹಳೆಯ ಬಿಳಿ ಬಸ್ಸು, ಚಾವಣಿಗೆ ಅವನೇ ಬಡಿದ ಹಸಿರು ತಗಡಿನ ತೇಪೆ. ಕಂಡಕ್ಟರ್ ವಾಟೆ, ಬೇಸಿಲ್‌ನ ಓರಗೆಯವನು, ಅದೇ ಊರಿನವನು, ಬಾಯಿಗೆ ಬೀಗವಿಲ್ಲದವನು. ಒಂದು ಮಧ್ಯಾಹ್ನ ಅವನು ನೆರಳಿನ ಗೆರೆಯಾಚೆ ನಿಂತು ಮಿಲ್ಕಾಳನ್ನು ಕರೆದ.

"ಏನತ್ತಿಗೆ, ಅಡಿಕೆ ಒಣಗಿಸ್ತಿದೀಯಾ? ಒಣಗಿಸೋಕೆ ಬಿಸ್ಲು ಬೇಕು, ನೆರಳಲ್ಲಿ ಕೂತ್ರೆ ಹೆಂಗೆ?"

"ನಗು ನಗು. ನೀನು ಒಳಗ್ ಬಂದು ತಗೊಂಡ್ರೆ ನಾಲಗೆ ಸೀದ್ಹೋಗುತ್ತಾ?"

"ನಾಲಗೆ ಅಲ್ಲ, ತಲೆ. ತಲೆ ಹೋದ್ಮೇಲೆ ನಾಲಗೆ ಎಲ್ಲಿಡ್ಲಿ?"

ಅವಳು ಬಹಳ ದಿನಗಳಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು. "ಹಾಗಾದ್ರೆ ಬಸ್ಸು? ದಿನಕ್ಕೆಷ್ಟು ಸಲ ಈ ಬ್ರಿಜ್ಜಿನ ಕೆಳಗೆ ಹೋಗ್ತೀರ? ನಿಮ್ಮಣ್ಣ ಒಳಗೇ ಇರ್ತಾರಲ್ಲ."

ವಾಟೆ ಒಂದು ಕ್ಷಣವೂ ಯೋಚಿಸಲಿಲ್ಲ. "ಓಡ್ತಿರೋದು ಲೆಕ್ಕಕ್ಕಿಲ್ಲ ಅತ್ತಿಗೆ. ಹಕ್ಕಿ ತಲೆ ಮೇಲೆ ಹಾರಿಹೋದ್ರೆ ಅದಕ್ಕೇನ್ ಹಂದಿ ಕೇಳ್ತೀವಾ? ಹಂಗೇ ಇದು. ನಾವು ಸುಯ್ಯಂತ ಹೋಗ್ತೀವಿ, ಅವ್ರು ಅವರ್ ಪಾಡಿಗೆ. ಅಲಿಕ್ ಅಣ್ಣ ಇಲ್ಲಿ ಬಂದ್ರೆ ಹೆಂಗ್ ಆಕ್ಸಿಲೇಟರ್ ಒತ್ತುತ್ತಾನೆ ನೋಡು, ಸೀಟಿನ ಸ್ಪ್ರಿಂಗು ನನ್ ಬೆನ್ನಲ್ಲಿರುತ್ತೆ."

"ಯಾರು ಹೇಳಿದ್ದು ಲೆಕ್ಕಕ್ಕಿಲ್ಲ ಅಂತ?"

"ಎಲ್ರೂ ಹೇಳ್ತಾರೆ."

ಎಲ್ಲರೂ ಅಂದರೆ ಚಾಲಕರೆಲ್ಲರೂ. ಬಸ್ಸು ಓಡಿಸಬೇಕಲ್ಲ, ಬ್ರಿಜ್ಜು ಬಂದ ಮೇಲೆ ಈ ಕಟ್ಟಳೆ ತಾನಾಗಿ ಹುಟ್ಟಿಕೊಂಡಿತ್ತು. ಮಿಲ್ಕಾ ಅದನ್ನು ಕಿವಿಗೆ ಹಾಕಿಕೊಂಡು ಹೋಗಿ ಕೂತಳು. ತಲೆಯ ಮೇಲೆ ಶಾಲೆ ಬಿಟ್ಟ ಹುಡುಗಿಯರ ಹೆಜ್ಜೆ ಸದ್ದು ದಡದಡ ಕೇಳುತ್ತಿತ್ತು. ಮೇಲೆ ಇರುವ ಹೆಂಗಸರ ಬಳಿ ಗಂಡಸರು ಸುಳಿಯಬಾರದು ಎಂದಲ್ಲ, ಅವರ ಕೆಳಗೆ ತಾವು ಇರಬಾರದು, ಅಷ್ಟೆ. ಗಂಡಸೂ ಮೇಲೆ ಬಂದು ಹೆಂಗಸಿನ ಪಕ್ಕ ನಿಂತರೆ ಯಾರೂ ಯಾರ ಮೇಲೂ ಇಲ್ಲ. ಕೆಳಗೆ ಇರುವುದು ಬಸ್ಸು. ಅದು ಓಡುತ್ತಿರುತ್ತದೆ.

ಮರುದಿನ ಅವಳು ಕಲ್ಲನ್ನು ಬ್ರಿಜ್ಜಿನ ಮೇಲೆ, ನಟ್ಟನಡುವೆ, ಕಂಬಿಗೆ ಒತ್ತಿ ಇಟ್ಟಳು.

ಬೆಳಿಗ್ಗೆಯೆಲ್ಲ ಯಾರೂ ಬರಲಿಲ್ಲ. ಆಮೇಲೆ ಅಡಿಕೆ ಹಿಂದಿರುಗಿಸಿದ್ದ ಹಮಾಲನೇ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದ, ಸುತ್ತ ನೋಡಿದ, ಮೆಟ್ಟಿಲು ಹತ್ತಿದ. ಅವಳ ಪಕ್ಕ ನಿಂತು ಪೆಟ್ಟಿಗೆಯೊಳಗೆ ಬಗ್ಗಿ, ತನಗೆ ಬೇಕಾದ ಕಾಯಿ ಆರಿಸಿದ. ಹಲ್ಲಲ್ಲಿ ಸಿಪ್ಪೆ ಕಿತ್ತ. ಎಲೆಯನ್ನು ಸುಣ್ಣದಲ್ಲಿ ಅದ್ದಿ ಕಚ್ಚಿದ.

"ಗಾಳಿ ಚೆನ್ನಾಗಿದೆ ಇಲ್ಲಿ," ಅಂದ.

ಅಷ್ಟೇ ಸಾಕಾಯಿತು. ಕಾವಲುಗಾರರು ಹತ್ತಿದರು, ಚಾಲಕರು ಹತ್ತಿದರು, ಊರಿಗೆ ಬ್ರಿಜ್ಜು ಬಂದ ಮೇಲೆ ಅದಕ್ಕೆ ಕಾಲಿಡದವರೆಲ್ಲ ಹತ್ತಿದರು. ಹತ್ತಿದವರು ಹೇಗೂ ಬಂದೆವಲ್ಲ ಎಂದು ಆ ಬದಿಗೆ ಇಳಿದರು. ಪಾಸ್ಕಲ್ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಅವಳನ್ನು ಎಬ್ಬಿಸಬೇಕೆಂದೇ ಬಂದವನು.

"ಇವ್ರನ್ನ ಹತ್ತಿಸ್ಬೇಕು ಅಂತ ಎಷ್ಟು ಬೋರ್ಡ್ ಹಾಕ್ಸಿದ್ವಿ ಗೊತ್ತಾ?" ಅಂದ. "ಸರಿ, ಕೂತ್ಕೋ. ಅರ್ಧ ದಾರಿ ಬಿಡು."

ಅವಳು ಅರ್ಧ ದಾರಿ ಬಿಟ್ಟಳು. ಗೆರೆ ಬಿಟ್ಟು ಹೋಗಿದ್ದ ಮಲೈಟದ ಹೆಂಗಸರು ಹಿಂದಿರುಗಿ ಬಂದು ಉಳಿದರ್ಧದಲ್ಲಿ ಕೂತರು. ಬಿಡಿ ಸಿಗರೇಟು, ಹಳೆ ಬಟ್ಟೆ, ಮೊಬೈಲಿನ ಕವರು, ಬಾಳೆಹಣ್ಣಿನ ಚಿಪ್ಪು. ನಡೆಯುವವರು ಮೈ ಓರೆ ಮಾಡಿ ನಡೆಯಬೇಕಾಯಿತು. ಕಂಬಿಗಳ ಮೇಲೆ ಕೆಂಪು ಇಳಿಯಿತು. ಕೆಳಗಿನ ರಸ್ತೆಯ ಮೇಲೆಯೂ ಕೆಂಪು ಬಿತ್ತು. ಚಾಲಕರು ಕಿಟಕಿಯ ಗಾಜು ಏರಿಸಿಕೊಂಡು ಬ್ರಿಜ್ಜು ದಾಟುವುದು ರೂಢಿಯಾಯಿತು. ಇನ್ನೊಂದೂ ಆಯಿತು. ಬಸ್ಸುಗಳು ನಿಲ್ದಾಣದಲ್ಲಿ ನಿಲ್ಲುವುದನ್ನು ಬಿಟ್ಟು ಬ್ರಿಜ್ಜಿನ ಮೆಟ್ಟಿಲಿಗೆ ಸಮೀಪ, ಅದನ್ನು ದಾಟಿದ ಕೂಡಲೇ ನಿಲ್ಲತೊಡಗಿದವು. ಕಂಡಕ್ಟರ್ ಓಡಿ ಹತ್ತಿ ಅಡಿಕೆ ತೆಗೆದುಕೊಂಡು ಓಡಿ ಇಳಿಯುವನು. ಹಿಂದಿನ ಬಸ್ಸಿನವನು ಹಾರ್ನ್ ಒತ್ತುವನು.

ಲೂವಿ ಮಾತ್ರ ಕೆಳಗೇ ಉಳಿದಿದ್ದಳು. ಸಂಜೆ ಮಿಲ್ಕಾ ಇಳಿದು ಬಂದಾಗ ಮೀನಿನ ತುಂಡೊಂದನ್ನು ಬಾಳೆಲೆಯಲ್ಲಿ ಸುತ್ತಿಕೊಟ್ಟು ಹೇಳಿದಳು: "ಮೇಲೆ ಹೋದೆ, ದೊಡ್ಡೋಳಾದೆ. ನಿಮ್ ಭಾವ ಏನಂತಾನೆ?"

"ಏನೂ ಅನ್ನಲ್ಲ."

ಅದು ನಿಜ. ಅಲಿಕ್‌ಗೆ ಗೊತ್ತಿತ್ತು. ಪಾತ್ರೆಗೆ ಮೀನು ಬೀಳುತ್ತಿತ್ತು, ಅಕ್ಕಿ ಬೀಳುತ್ತಿತ್ತು. ಅವನು ಬ್ರಿಜ್ಜು ಬಂದಾಗ ಕತ್ತೆತ್ತದೆ, ನೆಟ್ಟ ನೋಟದಲ್ಲಿ, ಕಾಲೊತ್ತಿ ದಾಟುತ್ತಿದ್ದ. ಮಿಲ್ಕಾ ಕಂಬಿಗಳ ಸಂದಿಯಿಂದ ಹಸಿರು ತೇಪೆ ಈ ಕಡೆ ನುಗ್ಗಿ ಆ ಕಡೆ ಹೊರಬೀಳುವುದನ್ನು ದಿನವೂ ನೋಡುತ್ತಿದ್ದಳು. ಹಕ್ಕಿ ಹಾರಿದ ಹಾಗೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಸಂಬಳದ ಶುಕ್ರವಾರ ರಸ್ತೆ ಎಂದಿಗಿಂತ ಹೆಚ್ಚು ಕಟ್ಟಿಕೊಂಡಿತ್ತು. ಒಂದು ಕೆಂಪು ಬಸ್ಸು ಬ್ರಿಜ್ಜು ದಾಟಿ ನಿಂತಿತು. ಅದರ ಕಂಡಕ್ಟರ್ ಓಡಿ ಮೇಲೆ ಬಂದ. ಅಡಿಕೆ ಆರಿಸಿದ, ಸುಣ್ಣದಲ್ಲಿ ಬೆರಳಿಟ್ಟು ನೋಡಿದ.

"ಇದೇನಕ್ಕ, ಸುಣ್ಣ ಗಟ್ಟಿಯಾಗೋಗಿದೆ. ಗೋಡೆ ಬಳಿಯೋಕ್ ಕೊಡ್ತಿದೀಯಾ?"

"ಇರು, ಬೇರೆ ತೆಗೀತೀನಿ."

ಹೊಸ ಸೀಸೆಯ ಮುಚ್ಚಳ ಬಿಗಿಯಾಗಿತ್ತು. ಲಂಗದ ಅಂಚಿನಲ್ಲಿ ಹಿಡಿದು ತಿರುಗಿಸಿದಳು, ಬರಲಿಲ್ಲ. ಕೆಳಗೆ ಹಾರ್ನ್‌ಗಳು ಶುರುವಾದವು. ಮುಚ್ಚಳ ಕೊನೆಗೂ ಬಿಟ್ಟಿತು. ಅವಳು ಸೀಸೆಯನ್ನು ಅವನ ಮುಂದೆ ಹಿಡಿಯುವಾಗ ಕಂಬಿಯ ಸಂದಿಯಲ್ಲಿ, ಸರಿಯಾಗಿ ತನ್ನ ಮಂಡಿಯ ಕೆಳಗೆ, ಹಸಿರು ತೇಪೆ ಕಂಡಿತು.

ಅದು ಓಡುತ್ತಿರಲಿಲ್ಲ.

ಮುಂದೆ ಕೆಂಪು ಬಸ್ಸು, ಹಿಂದೆ ಮರದ ದಿಮ್ಮಿ ಹೊತ್ತ ಲಾರಿ, ನಡುವೆ ಅಲಿಕ್. ಎದ್ದು ಹೋಗೋಣವೆಂದರೆ ಯಾವ ಕಡೆ ಹೆಜ್ಜೆಯಿಟ್ಟರೂ ಬಸ್ಸಿನ ಮೇಲೆಯೇ ನಡೆದ ಹಾಗಾಗುತ್ತಿತ್ತು. ಕೂತಿದ್ದರೆ ಕೂತ ಹಾಗೆ. ಯಾವುದು ಹೆಚ್ಚಿನ ತಪ್ಪೋ ಗೊತ್ತಾಗದೆ, ಸೀಸೆ ಹಿಡಿದ ಕೈಯನ್ನು ಹಾಗೆಯೇ ಚಾಚಿಕೊಂಡು ಅಲ್ಲಾಡದೆ ಕೂತಳು.

ಬಸ್ಸಿನೊಳಗಿಂದ ಯಾರೋ ಗಂಡಸಿನ ದನಿ ಕೇಳಿತು: "ನಿಂತ್ಬಿಡ್ತಲ್ಲಪ್ಪಾ." ಇನ್ನೊಬ್ಬರು ಯಾರೋ ಹೆಂಗಸು: "ಓಡ್ತಿರೋದು ಲೆಕ್ಕಕ್ಕಿಲ್ಲ ಅಂತಿದ್ರಿ. ನಿಂತಿರೋದಕ್ಕೇನಂತೀರ?" ನಗು. ಗಂಡಸರು ಬಾಗಿಲಿನಿಂದ ಒಬ್ಬರ ಮೇಲೊಬ್ಬರು ಬಿದ್ದು ಇಳಿದು ಬಿಸಿಲಿಗೆ ಓಡಿದರು. ಹೆಂಗಸರು ಒಳಗೇ ಕೂತು ಕಿಟಕಿಯಿಂದ ಮೇಲೆ ನೋಡಿದರು.

ಕೊನೆಗೆ ಚಾಲಕನ ಬಾಗಿಲು ತೆರೆಯಿತು. ಅಲಿಕ್ ಇಳಿದ. ಎಂಜಿನ್ ಆರಿಸಿರಲಿಲ್ಲ. ರಸ್ತೆಯ ನಡುವೆ ಬಸ್ಸನ್ನು ಬಿಟ್ಟು, ಅವಸರವಿಲ್ಲದೆ, ನೆರಳು ದಾಟಿ ಬಿಸಿಲಿಗೆ ಬಂದು ನಿಂತು, ಮೊದಲ ಸಲ ತಲೆಯೆತ್ತಿ ನೋಡಿದ. ಮಿಲ್ಕಾ ತಲೆ ತಗ್ಗಿಸಿದಳು. ಕೆಂಪು ಬಸ್ಸಿನ ಕಂಡಕ್ಟರ್ ಮೆಲ್ಲಗೆ ಅವಳ ಕೈಯಿಂದ ಸೀಸೆ ತೆಗೆದುಕೊಂಡ.

"ಯಾರಕ್ಕ ಅದು?"

"ನಮ್ ಭಾವ," ಅಂದಳು.

ಅವನು ಅಡಿಕೆ ಅಲ್ಲೇ ಬಿಟ್ಟು ಇಳಿದುಹೋದ. ಮುಂದಿನ ಬಸ್ಸು ಹೊರಟಿತು. ಅಲಿಕ್‌ನ ಬಸ್ಸನ್ನು ಬ್ರಿಜ್ಜಿನಡಿಯಿಂದ ಹೊರಗೆ ತಂದವನು ವಾಟೆ. ಅವನಿಗೆ ಲೈಸೆನ್ಸ್ ಇರಲಿಲ್ಲ.

ಸಂಜೆ ಮನೆಯ ಜಗಲಿಯಲ್ಲಿ ಅಲಿಕ್‌ನ ಊರಿನ, ಈಗ ಇಲ್ಲೇ ನೆಲೆಸಿದ ಹಿರಿಯರು ಮೂವರು ಬಂದು ಕೂತಿದ್ದರು. ಮಿಲ್ಕಾ ಒಳಗೆ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಾಲ ಬಳಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಲ್ಲು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಎತ್ತಿಕೊಂಡು ಮನೆಗೆ ಬಂದಿದ್ದಳು.

"ಮೇಲೆ ಬೇರೆ ಹೆಂಗಸ್ರೂ ಇದ್ರಲ್ಲ ಅಕ್ಕ," ಎಂದು ಸಾಲೋಮಿಯ ಕಿವಿಯಲ್ಲಿ ಹೇಳಿದಳು. "ದಿನಾ ಇರ್ತಾರೆ."

"ಗುರುತಿಲ್ಲದೋಳು ಮೋಡ ಇದ್ದಂಗೆ, ಮೇಲೆ ಹೋಗ್ತಾಳೆ. ಯಾರೂ ಕೇಳಲ್ಲ," ಅಂದಳು ಸಾಲೋಮಿ. "ಮನೆಯೋಳು ಬೇರೆ. ಅದೂ ತಮ್ಮನ ಹೆಂಡ್ತಿ. ಅದೂ ಬಸ್ಸು ತುಂಬ ಜನ ನೋಡಿದಾರೆ. ಯಾರೂ ನೋಡ್ದೆ ಇದ್ದಿದ್ರೆ ಅವರೂ ಸುಮ್ನಿರ್ತಿದ್ರೇನೋ."

ತಪ್ಪುಕಾಣಿಕೆ ಆಗಬೇಕು ಎನ್ನುವುದರಲ್ಲಿ ಎರಡು ಮಾತಿರಲಿಲ್ಲ. ತಪ್ಪು ಮಿಲ್ಕಾಳದ್ದು, ಕೊಡಬೇಕಾದವನು ಬೇಸಿಲ್. ಬೇಸಿಲ್ ಸಮುದ್ರದಲ್ಲಿದ್ದ. ಅವನಿಲ್ಲದಾಗ ಅವನ ಪರವಾಗಿ ಕೊಡಬೇಕಾದವನು ಅವನ ಅಣ್ಣ. ಅಣ್ಣ ಅಂದರೆ ಅಲಿಕ್. ಹಿರಿಯರು ಈ ಗಂಟಿನ ಮುಂದೆ ಸಾಕಷ್ಟು ಹೊತ್ತು ಅಡಿಕೆ ಅಗಿದರು.

"ತಾನೇ ಕೊಟ್ಟು ತಾನೇ ಇಸ್ಕೊಳ್ಳೋದು ಆಗಲ್ಲ," ಅಂದ ಒಬ್ಬ ಹಿರಿಯ.

"ಆಗಲ್ಲ," ಅಂದ ಅಲಿಕ್.

"ವಾಟೆ ಬೇಸಿಲ್ ಆಗ್ಲಿ."

"ನಾನಾ?" ಅಂದ ವಾಟೆ. "ಬೇಸಿಲ್ಗೆ ಮೀನಿನ ಹಡಗಿನ ಸಂಬ್ಳ ಬರುತ್ತೆ. ಅದೂ ನನಗ್ ಬರುತ್ತಾ?"

ವಾಟೆ ಎದ್ದು ಅಂಗಿ ಸರಿಪಡಿಸಿಕೊಂಡು ಒಳಗೆ ಬಂದ. ಬಾಗಿಲ ಮೇಲಿನ ಮೊಳೆಯಲ್ಲಿ ದುಡ್ಡಿನ ಹಾಗೆ ನಡೆಯುವ, ಮನೆತನದ ಕೆಂಪು ಚಿಪ್ಪಿನ ಸರ ತೂಗುತ್ತಿತ್ತು, ಅಣ್ಣತಮ್ಮಂದಿರಿಬ್ಬರದೂ ಅದೇ. ಮದುವೆಗೂ ಅದೇ, ಜಗಳಕ್ಕೂ ಅದೇ. ಅದನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದು ಜಗಲಿಗೆ ಹೋಗಿ, "ಅಣ್ಣಾ, ನನ್ನ ಹೆಂಡ್ತಿ ತಪ್ಪು ಮಾಡಿದಾಳೆ, ಇದನ್ನ ತಗೊಂಡು ತಲೆ ತಣ್ಣಗ್ ಮಾಡ್ಕೋ," ಅಂದ. ಅಲಿಕ್ ತೆಗೆದುಕೊಂಡ. ಹಿರಿಯರು ತಲೆಯಾಡಿಸಿದರು. ಅಲಿಕ್ ಎದ್ದು ಒಳಗೆ ಬಂದು ಸರವನ್ನು ಅದೇ ಮೊಳೆಗೆ ತೂಗುಹಾಕಿದ.

ಮಿಲ್ಕಾ ಅಷ್ಟನ್ನೂ ನೋಡಿದಳು. ಸರ ಇನ್ನೂ ಅಲ್ಲಾಡುತ್ತಿತ್ತು. ಲಂಗಕ್ಕೆ ಕೊಟ್ಟ ಹಂದಿ ಹಿಂದಿರುಗಿ ಬಂದಿರಲಿಲ್ಲ.

ಹಿರಿಯರು ಎದ್ದು ಹೋದ ಮೇಲೆ ಅಲಿಕ್ ಹೇಳಿದ: "ಸಾಲೋಮಿ, ಆ ಬ್ರಿಜ್ಜು ಇನ್ ಸಾಕು. ಮೇಲೂ ಬೇಡ, ಕೆಳಗೂ ಬೇಡ."

"ಮೇಲೂ ಬೇಡವಂತೆ, ಕೆಳಗೂ ಬೇಡವಂತೆ," ಅಂದಳು ಸಾಲೋಮಿ.

ಮುಂದೆ ಬರುವ ಮಾತು ಹಡಗಿನದು ಎಂದು ಮಿಲ್ಕಾಳಿಗೆ ಗೊತ್ತಿತ್ತು. ಅದು ಬರುವ ಮೊದಲು, ತನಗೂ ಅಚ್ಚರಿಯಾಗುವಂತೆ, ಅವಳೇ ಬಾಯಿಬಿಟ್ಟಳು.

"ಅಕ್ಕ, ಭಾವನ್ನ ಕೇಳಿ. ನಾಳೆ ಬಸ್ಸು ಎಲ್ಲಿವರ್ಗೂ ಹೋಗುತ್ತೆ?"

ಸಾಲೋಮಿ ಕೇಳಿದಳು. ಅಲಿಕ್ ಲೆಕ್ಕ ಹಾಕಿದ. ಎಂದಿನ ದಾರಿಯಲ್ಲಿ ಹೋದರೆ ಬ್ರಿಜ್ಜಿನ ಕೆಳಗೆ ಹೋಗಬೇಕು. ಓಡುತ್ತಿರುವುದು ಲೆಕ್ಕಕ್ಕಿಲ್ಲ ಎನ್ನುವ ಮಾತು ಇವತ್ತು ಸತ್ತುಹೋಗಿತ್ತು. ಓಡುವುದು ಎಲ್ಲಿ ಬೇಕಾದರೂ ನಿಲ್ಲಬಹುದು ಎನ್ನುವುದನ್ನು ಊರೇ ನೋಡಿತ್ತು. ನಾಳೆ ಅವನು ಮತ್ತೆ ದಾಟಿದರೆ ಹಿಂದಿನ ಸೀಟಿನಲ್ಲಿ ಯಾರಾದರೂ ಕೆಮ್ಮುತ್ತಾರೆ. ಬೇರೆ ಚಾಲಕರ ಪಾಡೂ ಅಷ್ಟೆ.

"ಬ್ರಿಜ್ಜಿಗಿಂತ ಮುಂಚೆ ಹಳೇ ಗೋದಾಮಿನ ಬಯಲಿದೆಯಲ್ಲ," ಅಂದ ಕೊನೆಗೆ. "ಅಲ್ಲಿಂದ ತಿರುಗಿಸ್ಕೋತೀನಿ. ಅಲ್ಲಿಂದಾಚೆ ಹೋಗೋರು ನಡ್ಕೊಂಡ್ ಹೋಗ್ಲಿ."

"ಗೋದಾಮಿನ ಹತ್ರ ತಿರುಗಿಸ್ತಾರಂತೆ."

"ಸರಿ ಅಕ್ಕ," ಅಂದಳು ಮಿಲ್ಕಾ.

ಕೇಳಬೇಕೋ ಬೇಡವೋ ಎನ್ನುವ ಹಾಗೆ ಅಲಿಕ್ "ಹಡಗು—" ಅಂದ.

"ಹಡಗು ಅಂತಿದಾರೆ."

"ಬರೋ ವಾರದ್ದು ಬೇಡ ಅಕ್ಕ. ಒಂದು ವಾರ ನೋಡಿ ಅಂತ ಹೇಳಿ."

ಅಲಿಕ್ ಮೊಳೆಯ ಕಡೆ ನೋಡಿದ. ಸರದ ಅಲ್ಲಾಟ ನಿಂತಿತ್ತು. "ಒಂದು ವಾರ," ಅಂದ. ಈ ಸಲ ಸಾಲೋಮಿ ಅದನ್ನು ಮತ್ತೆ ಹೇಳುವ ಗೋಜಿಗೆ ಹೋಗಲಿಲ್ಲ.

ನಸುಕಿನಲ್ಲಿ ಮಿಲ್ಕಾ ಗುಡ್ಡ ಇಳಿದಳು. ಗೋದಾಮಿನ ಮುಂದಿನ ಬಯಲು ಜಲ್ಲಿಯ ನೆಲ. ಮುರಿದ ಲಾರಿಯೊಂದು, ಹುಲ್ಲು, ಎರಡು ನಾಯಿ. ಹಿಂದೆ ಯಾವತ್ತೂ ಅಲ್ಲಿ ಏನೂ ಇರಲಿಲ್ಲ. ಅವಳು ಬಯಲಿನ ನಡುವೆ ನಿಂತು ಒಂದು ಬಸ್ಸು ರಸ್ತೆಯಿಂದ ಹೇಗೆ ಒಳಗೆ ಬರಬಹುದು, ಹೇಗೆ ತಿರುಗಬಹುದು, ಬಾಗಿಲು ಯಾವ ಕಡೆಗೆ ತೆರೆದುಕೊಳ್ಳಬಹುದು ಎಂದು ನೋಡಿದಳು. ಬಾಗಿಲು ತೆರೆದುಕೊಳ್ಳುವ ಕಡೆ ಹೋದಳು. ಕಲ್ಲು ಇಡುವ ಮೊದಲು ತಲೆಯೆತ್ತಿದಳು. ತಂತಿ ಇರಲಿಲ್ಲ, ಕೊಂಬೆ ಇರಲಿಲ್ಲ. ಇಟ್ಟಳು.

ಮೊದಲು ಹಸಿರು ತೇಪೆಯ ಬಸ್ಸು ಬಂತು. ಜನ ಗೊಣಗುತ್ತಾ ಇಳಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಸ್ಸು ಬಂತು, ಅದರ ಹಿಂದೆ ಮತ್ತೊಂದು. ಚಾಲಕರೆಲ್ಲ ಒಬ್ಬರಿಗೊಬ್ಬರು ಏನೂ ಕೇಳದೆ ಅಲ್ಲೇ ತಿರುಗಿಸಿದರು. ವಾರ ಮುಗಿಯುವುದರೊಳಗೆ ಬಯಲಿನ ಸುತ್ತ ಛತ್ರಿಗಳು ಎದ್ದವು. ಲೂವಿ ಮೀನಿನ ಬಾಣಲೆ ಹೊತ್ತು ಬಂದಳು. ಮನೆಯಲ್ಲಿ ಹಡಗಿನ ಮಾತು ಮತ್ತೆ ಏಳಲಿಲ್ಲ. ಬ್ರಿಜ್ಜಿನ ಕೆಳಗೆ ನೆರಳಿತ್ತು, ಜನ ಇರಲಿಲ್ಲ. ಬ್ರಿಜ್ಜಿನ ಮೇಲೆ ಶಾಲೆಯ ಮಕ್ಕಳು ಮತ್ತೆ ನೇರವಾಗಿ ನಡೆಯತೊಡಗಿದರು. ಮುರಿದ ಲಾರಿ ಸೊಂಟದ ಎತ್ತರಕ್ಕೆ ಕೆಂಪಾಯಿತು.

ಪಾಸ್ಕಲ್ ಬಂದವನು ಬಯಲಿನ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡಿದ. ಆಮೇಲೆ ಮಿಲ್ಕಾಳ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತ.

"ಇಲ್ಲಿ ಕೂರೋಕೆ ಯಾರಮ್ಮ ಹೇಳಿದ್ದು?"

"ಬಸ್ಸು ಇಲ್ಲಿ ನಿಲ್ಲುತ್ತಲ್ಲ."

"ಬಸ್ಸಿಗೆ ಇಲ್ಲಿ ನಿಲ್ಲೋಕೆ ಯಾರ್ ಹೇಳಿದ್ದು?"

ಅದಕ್ಕೆ ಉತ್ತರ ಉದ್ದವಾಗಿತ್ತು. ಅವಳು ಒಂದು ಅಡಿಕೆ ಆರಿಸಿ, ಎಲೆಯ ಜೊತೆ ಅವನ ಮುಂದೆ ಇಟ್ಟು, ಸುಣ್ಣದ ಸೀಸೆಯ ಮುಚ್ಚಳ ತೆಗೆದಳು. ಈಗ ಅದನ್ನು ಅವಳು ಬಿಗಿಯಾಗಿ ಮುಚ್ಚುತ್ತಿರಲಿಲ್ಲ.